ಜೋಗಿಮಟ್ಟಿ ನಡಿಗೆ: ಕಡ್ಡಿಕೀಟದ ಬಗ್ಗೆ ಸದಸ್ಯರಿಗೆ ಸೂಚನೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ. ಕಳೆದ ಭಾನುವಾರ ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ ಒಣಕಡ್ಡಿಯೆಂದು ಭಾವಿಸಿ ನಾನೇ ಪಕ್ಕಕ್ಕೆ ಸರಿಸಲು ಹೋದದ್ದು ಕಡ್ಡಿಕೀಟವಾಗಿತ್ತು. ಮುಂಗಾಲೆರಡನ್ನೂ ತಲೆಯ ಮುಂದಕ್ಕೆ ನೇರವಾಗಿ ಚಾಚಿ, ಗಾಳಿ ಬೀಸಿದಾಗ ರೆಂಬೆಯ ಜೊತೆಗೇ ತೂಗುತ್ತಿದ್ದ ಅದು, ಗಾಳಿ ನಿಂತೊಡನೆ ತಾನೂ ನಿಂತಿತು. ಮುಂಗಾಲಿನ ಬುಡದಲ್ಲಿ ತಲೆ ಹುದುಗುವಷ್ಟು ಬಾಗು ಇರುವುದರಿಂದ ಕಾಲು ಎಲ್ಲಿ ಮುಗಿದು ತಲೆ ಎಲ್ಲಿ ಆರಂಭವಾಯಿತೆಂಬುದೇ ತಿಳಿಯುವುದಿಲ್ಲ. ಹಗಲಿಡೀ ಹೀಗೆ ಹಕ್ಕಿಗಳ ಕಣ್ಣು ತಪ್ಪಿಸಿ, ಕತ್ತಲಾದ ಮೇಲೆ ಎಲೆ ಮೇಯುವುದು ಇವುಗಳ ಕ್ರಮ.

ಮೊಟ್ಟೆಗಳೂ ಬೀಜದಂತೆಯೇ ಕಾಣುತ್ತವೆ. ಕೆಲವು ಜಾತಿಗಳಲ್ಲಿ ಮೊಟ್ಟೆಯ ತುದಿಗಿರುವ ಸಣ್ಣ ಗುಬುಟಿನ ಆಸೆಗೆ ಇರುವೆಗಳು ಅವನ್ನು ಗೂಡಿಗೆ ಹೊತ್ತೊಯ್ಯುತ್ತವೆ. ಗುಬುಟನ್ನು ತಿಂದ ಮೇಲೆ ಮೊಟ್ಟೆ ಮಾತ್ರ ನೆಲದಡಿ ಹಾಗೆಯೇ ಉಳಿಯುತ್ತದೆ. (ಮೋಸಹೋಗುವವರು ನಾವಷ್ಟೇ ಅಲ್ಲ.)

ಹಿಡಿದೆಳೆದರೆ ಈ ಕೀಟ ಕಾಲನ್ನೇ ಕಳಚಿಕೊಟ್ಟು ಪಾರಾಗುತ್ತದೆ. ಮರಿಗಳಿಗೆ ಪೊರೆ ಬಿಡುವಾಗ ಕಾಲು ಮತ್ತೆ ಬೆಳೆಯುತ್ತದೆಯಾದರೂ ಪೂರ್ಣ ಬೆಳೆದ ಕೀಟಕ್ಕೆ ಆ ಅವಕಾಶವಿಲ್ಲ. ಆದ್ದರಿಂದ ಮುಂದಿನ ನಡಿಗೆಯಲ್ಲಿ ಯಾರೂ ಫೋಟೊಗಾಗಿ ರೆಂಬೆ ಅಲುಗಾಡಿಸಬಾರದೆಂದೂ, ಕೀಟವನ್ನು ಕೈಗೆತ್ತಿಕೊಳ್ಳದೆ ಇದ್ದಲ್ಲಿಯೇ ಚಿತ್ರ ತೆಗೆದು ಗುಂಪಿಗೆ ಕಳುಹಿಸಬೇಕೆಂದೂ ಕೋರುತ್ತೇನೆ.