ಸಭೆಯ ನೋಟಿಸ್ ನಮಗೂ ಬರಲಿ: ಉತ್ತರ ಕನ್ನಡದ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ.

ಚಾಲಿ ಅಡಿಕೆ ಮಾರಿ ಕೂಡಿಟ್ಟ ಹಣವನ್ನು ಶಿರಸಿಯಲ್ಲಿ ಶಾಖೆಯಿದ್ದ ಒಂದು ನಿಧಿ ಕಂಪನಿಯಲ್ಲಿ ಠೇವಣಿ ಇಟ್ಟಿದ್ದೆ. ಸದಸ್ಯರಿಂದಲೇ ಠೇವಣಿ ಪಡೆದು ಸದಸ್ಯರಿಗೇ ಸಾಲ ಕೊಡುವ ಕಂಪನಿ ಅದು. ಅವಧಿ ಮುಗಿದು ವರ್ಷವಾಯಿತು. ಅಸಲೂ ಇಲ್ಲ, ಬಡ್ಡಿಯೂ ಇಲ್ಲ. ಹೆಂಡತಿಯ ಮೊಣಕಾಲಿನ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗುತ್ತಲೇ ಇದೆ. ಅವಳೀಗ ಮನೆಯ ಮೆಟ್ಟಿಲನ್ನು ಕುಳಿತೇ ಇಳಿಯುತ್ತಾಳೆ.

ಕೇಳಲು ಹೋದರೆ ಶಾಖೆಯ ವ್ಯವಸ್ಥಾಪಕ, "ವಾರ್ಷಿಕ ಸಭೆಯಲ್ಲಿ ಕೇಳಬೇಕಿತ್ತು, ಅದು ಮುಗಿಯಿತು" ಎಂದ. ನೋಟಿಸ್ ಎಲ್ಲಿ ಎಂದರೆ ಗೋಡೆಯ ಕ್ಯಾಲೆಂಡರ್ ಎತ್ತಿ ತೋರಿಸಿದ. ಅದರಡಿಯಲ್ಲಿ ಇಂಗ್ಲಿಷಿನ ಒಂದು ಹಾಳೆ! ಪತ್ರಿಕೆಯಲ್ಲೂ ಬಂದಿತ್ತಂತೆ, ಬೆಂಗಳೂರು ಆವೃತ್ತಿಯಲ್ಲಿ. ನಮ್ಮೂರಿಗೆ ಬರುವುದು ಹುಬ್ಬಳ್ಳಿ ಆವೃತ್ತಿ.

ಇದಕ್ಕೆ ಕಾನೂನಿನ ರಕ್ಷಣೆಯೇ ಇದೆ ಎಂಬುದು ತಮಗೆ ತಿಳಿದಿರುತ್ತದೆ. ನಿಧಿಯಲ್ಲಿ ಠೇವಣಿ ಇಟ್ಟವನು ಸದಸ್ಯನೂ ಹೌದು. ನನಗೂ ಹತ್ತು ರೂಪಾಯಿಯ ಹತ್ತು ಷೇರುಗಳನ್ನು ಕೊಟ್ಟಿದ್ದಾರೆ. ಆದರೆ 2015ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಧಿಗಳಿಗೆ ವಿನಾಯಿತಿ ಕೊಟ್ಟಿತು. ನನ್ನಂಥ ಸಣ್ಣ ಷೇರುದಾರರಿಗೆ ಒಬ್ಬೊಬ್ಬರಿಗೂ ನೋಟಿಸ್ ಕಳುಹಿಸಬೇಕಿಲ್ಲ. ನೋಂದಾಯಿತ ಕಚೇರಿಯಿರುವ ಜಿಲ್ಲೆಯ ಪತ್ರಿಕೆಯಲ್ಲಿ ಪ್ರಕಟಿಸಿ, ಫಲಕಕ್ಕೆ ಅಂಟಿಸಿದರೆ ಸಾಕು. ಆ ಕಚೇರಿ ಇರುವುದು ಬೆಂಗಳೂರಿನಲ್ಲಿ!

ಈ ವಿನಾಯಿತಿಯನ್ನು ತೆಗೆಸಿ, ಸ್ವಾಮಿ. ನಿರ್ದೇಶಕರನ್ನು ಎದುರಿಗೆ ನಿಲ್ಲಿಸಿ ಕೇಳಲು 2013ರ ಕಂಪನಿ ಕಾಯ್ದೆ ನಮ್ಮಂಥವರಿಗೆ ಕೊಟ್ಟಿರುವ ಜಾಗ ವಾರ್ಷಿಕ ಸಭೆ. ಲೆಕ್ಕಪತ್ರ ಬರುವುದು ಅಲ್ಲಿಗೆ, ಲೆಕ್ಕಪರಿಶೋಧಕರ ನೇಮಕವಾಗುವುದು ಅಲ್ಲಿ. ಹಣ ಕೊಟ್ಟವರಿಗೆ ಸುದ್ದಿಯೇ ಇಲ್ಲದೆ, ನಿರ್ದೇಶಕರೂ ಅವರ ಬಳಗದವರೂ ಕೈಯೆತ್ತಿ ಎಲ್ಲವನ್ನೂ ಅಂಗೀಕರಿಸಿಕೊಂಡರೆ ಅದೆಂಥ ಸಭೆ? ನೂರು ಠೇವಣಿದಾರರು ಸೇರಿದರೆ 245ನೆಯ ಕಲಮಿನಡಿ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಬಹುದು, ನಿಜ. ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಹರಡಿಕೊಂಡಿರುವ ಆ ನೂರು ಜನರನ್ನು ಒಟ್ಟುಗೂಡಿಸುವವರು ಯಾರು? ಸಭೆಗೆ ಕರೆದಿದ್ದರೆ ಅಲ್ಲಿಯೇ ಒಬ್ಬರಿಗೊಬ್ಬರು ಸಿಗುತ್ತಿದ್ದೆವು.

ಕಂತು ಕಟ್ಟಿರೆಂದು ಮೊಬೈಲಿಗೆ ತಪ್ಪದೆ ಸಂದೇಶ ಕಳುಹಿಸುತ್ತಿದ್ದ ಕಂಪನಿಗೆ ಸಭೆಯ ದಿನಾಂಕ ತಿಳಿಸಲು ಏನು ಕಷ್ಟ? ಲೋಕಸಭೆಯಲ್ಲಿ ಈ ಪ್ರಶ್ನೆ ಎತ್ತಿ. ಷೇರು ಒಂದಿರಲಿ, ನೂರಿರಲಿ, ಪ್ರತಿಯೊಬ್ಬ ಠೇವಣಿದಾರನಿಗೂ ಕನ್ನಡದಲ್ಲಿ, ಅವನ ವಿಳಾಸಕ್ಕೇ ನೋಟಿಸ್ ಬರಬೇಕು. ಬರುವ ಅಧಿವೇಶನದಲ್ಲೇ ಕೇಳಿ. ಸಚಿವರು ಕೊಡುವ ಉತ್ತರವನ್ನು ಶಿರಸಿಗೆ ಬಂದು ನಮಗೆ ತಿಳಿಸಿ.

ಇತಿ ತಮ್ಮ ವಿಶ್ವಾಸಿ,
ಶಿರಸಿ ತಾಲ್ಲೂಕಿನ ಒಬ್ಬ ಠೇವಣಿದಾರ