ಸಮುದ್ರಕ್ಕೆ ಹೊರಟ ಮಗಳಿಗೆ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದ.

ಗಂಗಾವತಿಯಲ್ಲಿ ಎಲ್ಲರೂ ಆರಾಮ ಇದ್ದೀವಿ. ಎಡದಂಡೆ ಕಾಲುವೆಗೆ ನೀರು ಬಿಟ್ಟಾರ, ಭತ್ತದ ನಾಟಿ ನಡೆದಿದೆ.

ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆ ಬರೆದು ನೌಕಾಪಡೆ ಸೇರ್ತೀನಿ ಅಂದೆಯಲ್ಲ, ಅಂದಿನಿಂದ ಅಡ್ಮಿರಲ್ ಎಸ್.ಎಂ. ನಂದಾ ಅವರ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಅವರು ಬೆಳೆದದ್ದು ಕರಾಚಿ ಬಂದರಿನ ಬಾಯಲ್ಲಿರುವ ಮನೋರಾದಲ್ಲಿ. 1957ರಲ್ಲಿ ಐಎನ್‌ಎಸ್ ಮೈಸೂರು ಯುದ್ಧನೌಕೆ ಸೇವೆಗೆ ಬಂದಾಗ ಅದರ ಮೊದಲ ಕ್ಯಾಪ್ಟನ್ ಅವರೇ. 1970ರಲ್ಲಿ ಇಡೀ ನೌಕಾಪಡೆಯ ಮುಖ್ಯಸ್ಥರಾದರು.

1965ರಲ್ಲಿ ಪಾಕಿಸ್ತಾನದ ಹಡಗುಗಳು ದ್ವಾರಕೆಯ ಮೇಲೆ ಗುಂಡು ಹಾರಿಸಿ ಹೋಗಿದ್ದವು. ನಮ್ಮ ನೌಕಾಪಡೆಗೆ ಮುನ್ನುಗ್ಗುವ ಅಪ್ಪಣೆ ಇರಲಿಲ್ಲ. ಅದು ಮತ್ತೆ ಆಗಬಾರದೆಂದು, 1971ರಲ್ಲಿ ಯುದ್ಧ ಶುರುವಾಗುವ ಮೊದಲೇ ನಂದಾ ಅವರು ಪ್ರಧಾನಿ ಇಂದಿರಾ ಗಾಂಧಿಯವರನ್ನು ಕೇಳಿಬಿಟ್ಟರು: ಕರಾಚಿಯ ಮೇಲೆ ದಾಳಿ ಮಾಡಿದರೆ ಸರ್ಕಾರದ ಅಡ್ಡಿ ಇದೆಯೇ? ಯುದ್ಧ ಅಂದಮೇಲೆ ಯುದ್ಧವೇ ಎಂಬ ಅರ್ಥದ ಉತ್ತರ ಬಂತು. ದಾಳಿಗಿಂತ ಈ ಪ್ರಶ್ನೆಯೇ ನನಗೆ ದೊಡ್ಡದು. ಮೇಲಿನವರ ಮನಸ್ಸು ಊಹಿಸುತ್ತ ಕೂರದೆ, ಮುಖಕ್ಕೆ ಮುಖ ಕೊಟ್ಟು ಕೇಳಿದರು.

ಕೈಯಲ್ಲಿದ್ದದ್ದು ಸೋವಿಯತ್ ದೇಶದಿಂದ ಬಂದ ಸಣ್ಣ ಕ್ಷಿಪಣಿ ದೋಣಿಗಳು. ದಡ ಕಾಯಲೆಂದು ಮಾಡಿದವು, ಅಷ್ಟು ದೂರ ಹೋಗಿಬರುವ ಇಂಧನ ಅವುಗಳಲ್ಲಿ ಹಿಡಿಯದು. ಹಾಗಾಗಿ ದೊಡ್ಡ ಹಡಗುಗಳಿಗೆ ಕಟ್ಟಿ ಎಳೆಸುವ ಅಭ್ಯಾಸ ನಡೆಯಿತು. ಡಿಸೆಂಬರ್ 4ರ ರಾತ್ರಿ ನಿರ್ಘಾತ್, ನಿಪಾತ್, ವೀರ್ ಎಂಬ ಮೂರು ದೋಣಿಗಳು ಕರಾಚಿಯತ್ತ ನುಗ್ಗಿ ಪಾಕಿಸ್ತಾನದ ಖೈಬರ್ ಎಂಬ ವಿಧ್ವಂಸಕ ನೌಕೆಯನ್ನು ಮುಳುಗಿಸಿದವು, ಬಂದರಿನ ತೈಲ ಟ್ಯಾಂಕುಗಳಿಗೂ ಬೆಂಕಿ ಬಿತ್ತು. ಮೂರೂ ಸುರಕ್ಷಿತವಾಗಿ ಮರಳಿದವು. ಡಿಸೆಂಬರ್ 4ರಂದು ನೌಕಾದಿನ ಆಚರಿಸುವುದು ಈ ದಾಳಿಯ ನೆನಪಿಗೇ. ತಾನು ಆಡಿ ಬೆಳೆದ ಬಂದರು ಉರಿಯಿತೆಂದು ಕೇಳಿದಾಗ ಆ ಮನುಷ್ಯನಿಗೆ ಏನನ್ನಿಸಿತೋ, ನಾನು ಬಹಳ ಯೋಚಿಸಿದ್ದೇನೆ.

ಆದರೆ ಇನ್ನೊಂದನ್ನೂ ನೀನು ತಿಳಿದಿರಬೇಕು. ಡಿಸೆಂಬರ್ 9ರಂದು ದಿಯು ಬಳಿ ನಮ್ಮ ಯುದ್ಧನೌಕೆ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಅದರ ಕ್ಯಾಪ್ಟನ್ ಮುಲ್ಲಾ ಹಡಗು ಬಿಡಲಿಲ್ಲ. ಕರಾಚಿಯ ಗೆಲುವಿನಂತೆ ಈ ಸಾವುಗಳ ಭಾರವೂ ನಂದಾ ಅವರ ಹೆಗಲ ಮೇಲೇ ಬಿತ್ತು.

ಇದನ್ನು ನಿಮ್ಮವ್ವನಿಗೂ ಹೇಳಿದ್ದೇನೆ, ಮುಚ್ಚಿಟ್ಟು ನಿನ್ನ ಕಳಿಸುವುದು ನನಗೆ ಬೇಡ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆಕಿಗೆ ಈಜು ಕಲಿಸ್ತಾರಂತೇನು?" ಅಂದಳು. ರಜೆಗೆ ಬಂದಾಗ ನೀನೇ ಅವಳ ಹತ್ತಿರ ಕೂತು ಎಲ್ಲ ಬಿಡಿಸಿ ಹೇಳು.

ನಿನ್ನ
ಅಪ್ಪ