ಕಟಿಂಗ್ ಕುರ್ಚಿಗೂ ಜಾತಿ ಬೇಕಾ?

ಸಂಪಾದಕರೇ,

ಬೆಂಗಳೂರಿಗೆ ಬಂದು 18 ವರ್ಷ ಆಯಿತು. ತಿಂಗಳಿಗೊಮ್ಮೆ ಮನೆ ಹತ್ತಿರದ ಅಂಗಡಿಯಲ್ಲಿ ಕಟಿಂಗ್ ಮಾಡಿಸಿಕೊಳ್ಳುತ್ತೇನೆ. ನನಗಿಂತ ಮುಂಚೆ ಆ ಕುರ್ಚಿಯಲ್ಲಿ ಯಾರು ಕೂತಿದ್ದರು, ಆ ಬಾಚಣಿಗೆ ಯಾರ ತಲೆ ಮೇಲೆ ಓಡಾಡಿತ್ತು ಅಂತ ಒಂದು ದಿನವೂ ಕೇಳಿಲ್ಲ. ನಮ್ಮೂರಿಂದ ಬಂದು ಇಲ್ಲೇ ನೆಲೆಸಿದ ಇನ್ಯಾರೂ ಕೇಳಿದ್ದನ್ನು ನಾನು ಕಾಣೆ. ಆದರೆ ಇದೇ ನಾವು ಹಬ್ಬಕ್ಕೆ ಊರಿಗೆ ಹೋದಾಗ, ಅಲ್ಲಿನ ಕಟಿಂಗ್ ಅಂಗಡಿಗೆ ದಲಿತ ಕೇರಿಯ ಹುಡುಗರು ಬರೋ ಹಾಗಿಲ್ಲ ಅನ್ನೋ ಮಾತಿಗೆ ಸುಮ್ನೆ ತಲೆಯಾಡಿಸಿ ಬರುತ್ತೇವೆ. ನಾನೂ ಆಡಿಸಿದ್ದೇನೆ.

"ಈಗೆಲ್ಲಿದೆ ಜಾತಿ, ಅದು ಅಜ್ಜನ ಕಾಲಕ್ಕೇ ಮುಗೀತು" ಅನ್ನೋರು ಸ್ವಲ್ಪ ಹಳೇ ಪೇಪರ್ ತಿರುವಿ ಹಾಕಲಿ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿಗೆ, ಹೋಟೆಲಿಗೆ ಬಿಡಲ್ಲ ಅನ್ನೋ ತಕರಾರು ಅಲ್ಲಿ ಮೊದಲಿಂದಲೂ ಹೊಗೆಯಾಡುತ್ತಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು; ಪ್ರಕರಣ ಹೈಕೋರ್ಟಿಗೂ ಹೋಯಿತು. ಅದೇ ವರ್ಷ ಅದೇ ಜಿಲ್ಲೆಯ ಸಂಗನಾಳದಲ್ಲಿ ಕಟಿಂಗ್ ವಿಚಾರಕ್ಕೆ ಶುರುವಾದ ಜಗಳದಲ್ಲಿ ದಲಿತ ಯುವಕನೊಬ್ಬನ ಜೀವವೇ ಹೋಯಿತು. ತಲೆಗೂದಲಿಗೆ!

ಇದನ್ನು ಓದಿದ ತಕ್ಷಣ ನಾವು ಬೈಯೋದು ಯಾರನ್ನು? ಕತ್ತರಿ ಹಿಡಿದವನನ್ನು. ಕೊಲೆಯ ಮಾತು ಬಿಡಿ, ಅದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಆದರೆ ದಿನಾ "ಇಲ್ಲಿ ಬರಬೇಡಿ" ಅನ್ನೋ ಮಾತು ಅವನ ಬಾಯಿಂದ ಬಂದರೂ ಅದು ಅವನದೇ ಮಾತಾ? ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ 2020ರಲ್ಲಿ ಏನಾಯಿತು ನೋಡಿ. ದಲಿತರಿಗೆ ಕಟಿಂಗ್ ಮಾಡಿದ ಅಂತ ಕ್ಷೌರಿಕನಿಗೇ 50 ಸಾವಿರ ದಂಡ, ಮೇಲೆ ಬಹಿಷ್ಕಾರ. ಹೊಲ ಇರೋರ ಮನೆಯಿಂದ ಸುಗ್ಗಿಯಲ್ಲಿ ಆಯ, ಅಂದರೆ ಕೆಲಸಕ್ಕೆ ಬದಲಾಗಿ ಕಾಳು, ಪಡೆದು ಬದುಕಿದ ಕಸುಬು ಅದು. ಈಗ ಆಯ ಹೋಗಿ ಕಾಸು ಬಂದಿದೆ ಅಷ್ಟೇ, ಹಿಡಿತ ಹೋಗಿಲ್ಲ. ಬಸವಣ್ಣನ ಆಪ್ತ ಹಡಪದ ಅಪ್ಪಣ್ಣನನ್ನು ತಮ್ಮವನು ಅಂತ ಪೂಜಿಸೋ ಜನ ಈ ಕಸುಬಿನವರು; ಬೆಳಗ್ಗೆದ್ದು ಅವರ ಮುಖ ನೋಡಿದರೆ ಅಪಶಕುನ ಅನ್ನೋರು ಇವತ್ತಿಗೂ ನಮ್ಮಲ್ಲಿದ್ದಾರೆ. ಅವರನ್ನು ಕೆಳಗೆ ಕೂರಿಸಿದವರೇ, ಅವರ ಕೈಯಿಂದಲೇ ಇನ್ನೊಬ್ಬರನ್ನು ಹೊರಗೆ ನಿಲ್ಲಿಸುತ್ತಾರೆ.

ನಮ್ಮೂರಿನ ಅಂಗಡಿಯವರನ್ನು ಒಮ್ಮೆ ಕೇಳಿಯೇಬಿಟ್ಟೆ. "ನಾನೇನೋ ಮಾಡ್ತೀನಿ ಬುದ್ಧಿ, ಆಮ್ಯಾಕೆ ನಿಮ್ಮೋರು ಬತ್ತಾರಾ?" ಅಂದರು. ನನ್ನಪ್ಪನ ವಯಸ್ಸಿನವರು ನನಗೆ ಬುದ್ಧಿ ಅನ್ನುತ್ತಾರೆ, ನಾನು ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ.

ಕಾನೂನು ಇಲ್ಲ ಅಂತಲ್ಲ. ಅಸ್ಪೃಶ್ಯತೆಯ ಹೆಸರಲ್ಲಿ ಸೇವೆ ಕೊಡಲ್ಲ ಅನ್ನೋದು 1955ರ ಕಾಯ್ದೆಯಿಂದಲೇ ಅಪರಾಧ. ದಲಿತರಿಗೆ ಬಹಿಷ್ಕಾರ ಹಾಕೋದನ್ನು 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ ಅಪರಾಧದ ಪಟ್ಟಿಗೆ ಸೇರಿಸಿತು. ಆದರೆ ಊರಲ್ಲಿ ನಡೆಯೋದು ಶಾಂತಿ ಸಭೆ. ತಹಸೀಲ್ದಾರರು ಬರುತ್ತಾರೆ, ಪೊಲೀಸರು ಬರುತ್ತಾರೆ, ಒಬ್ಬ ಹುಡುಗನನ್ನು ಕುರ್ಚಿಯಲ್ಲಿ ಕೂರಿಸಿ ಕಟಿಂಗ್ ಮಾಡಿಸುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಜೀಪು ಹೋದ ಮಾರನೇ ದಿನ ಅಂಗಡಿಗೆ ಬೀಗ. ಯಾರಿಗೂ ಕಟಿಂಗ್ ಇಲ್ಲ, ಸಮಾನತೆ ಬಂತು ಅಲ್ವಾ!

ನನಗೆ ತೋಚೋದು ಇಷ್ಟು. ಪಂಚಾಯಿತಿಯ ಮಳಿಗೆಯೊಂದನ್ನು ಕ್ಷೌರಿಕನಿಗೆ ಬಾಡಿಗೆ ಇಲ್ಲದೆ ಕೊಡಲಿ, ಎಲ್ಲರಿಗೂ ಮಾಡಬೇಕು ಅನ್ನೋ ಷರತ್ತಿನ ಮೇಲೆ. ಊರವರು ಮುನಿಸಿಕೊಂಡು ಬರದೇ ಇದ್ದರೆ ಆರು ತಿಂಗಳು ಅವನ ಮನೆ ನಡೆಯೋ ಹಾಗೆ ನೋಡಿಕೊಳ್ಳಲಿ. ಕೇಸು ಹಾಕುವಾಗ ಅಂಗಡಿಯವನಿಗಿಂತ ಮೊದಲು, ಅವನಿಗೆ ಧಮಕಿ ಹಾಕಿದವರ ಹೆಸರು ಬರೆದುಕೊಳ್ಳಲಿ.

ಏಳನೇ ಕ್ಲಾಸಿನವರೆಗೆ ನನ್ನ ಬೆಂಚಿನಲ್ಲೇ ಕೂತಿದ್ದ ಗೆಳೆಯ ಇವತ್ತಿಗೂ ಕಟಿಂಗಿಗೆ ಬಸ್ ಹತ್ತಿ ತಾಲ್ಲೂಕಿಗೆ ಹೋಗುತ್ತಾನೆ. ಬಸ್ ಚಾರ್ಜು ಬೇರೆ, ಅರ್ಧ ದಿನದ ಕೂಲಿ ಬೇರೆ. ಈ ಯುಗಾದಿಗೆ ಬರ್ತೀನಿ, ಇಬ್ಬರೂ ಒಟ್ಟಿಗೆ ಹೋಗೋಣ, ನೀನು ಮೊದಲು ಕೂರು, ಆಮೇಲೆ ನಾನು ಅಂತ ಫೋನಿನಲ್ಲಿ ಹೇಳಿದೆ. ಅವನು ನಕ್ಕುಬಿಟ್ಟ. "ನೀನು ಮೂರು ದಿನ ಇದ್ದು ಬೆಂಗ್ಳೂರು ಬಸ್ ಹತ್ತೀಯ ಕಣೋ, ನಾಕನೇ ದಿನ ಇಲ್ಲಿ ಇರೋನು ನಾನು" ಅಂದ. ಅದಕ್ಕೆ ನನ್ನ ಹತ್ತಿರ ಮಾತಿರಲಿಲ್ಲ. ಊರಲ್ಲೇ ಇರೋ ನನ್ನಣ್ಣನಿಗೆ ಫೋನ್ ಮಾಡಿ, ತಿಂಗಳು ತಿಂಗಳೂ ಅದೇ ಕುರ್ಚಿಯಲ್ಲಿ ಅವನಾದ ಮೇಲೆ ನೀನು ಕೂತ್ಕೋತೀಯಾ ಅಂತ ಕೇಳಿದ್ದೇನೆ. ಅಣ್ಣ ಇನ್ನೂ ಹೂಂ ಅಂದಿಲ್ಲ.

— ಒಬ್ಬ ಓದುಗ, ಬೆಂಗಳೂರು